ವಿಭೂತಿ ಬಳಿದ ಗಡಿಗೆ

ಕುಡಿಯುವ ನೀರಿಗೇ ಹೆಂಗಸರು ಬಾವಿಯ ಬಳಿ ಸರದಿ ಕಾಯುವ ಕಲ್ಯಾಣದುರ್ಗದಲ್ಲಿ ಸಾಹುಕಾರ ಶಿವಯೋಗಪ್ಪನವರು ಬರೀ ನೋಡುವುದಕ್ಕೆಂದು ತಮ್ಮ ಮನೆಯ ಮುಂದಿನ ತೋಟದಲ್ಲಿ ನೀರು ನಿಲ್ಲಿಸಿದರು. ಗುಮಾಸ್ತ ಮರುಳಪ್ಪನ ಕಷ್ಟ ಶುರುವಾದದ್ದು ಅಲ್ಲಿಂದ.

ಕೊಳವೇನೋ ಚೆನ್ನಾಗಿತ್ತು. ದುಂಡಗೆ ಕಟ್ಟಿ, ಸಿಮೆಂಟು ಬಳಿದು, ನಡುವೆ ಒಂದು ಕಲ್ಲಿನ ತಾವರೆ ನಿಲ್ಲಿಸಿದ್ದರು. ಆದರೆ ಬಂದವರೆಲ್ಲ ಒಮ್ಮೆ ಇಣುಕಿ, "ದನಕ್ಕಾ ಸಾವ್ಕಾರ್ರೆ?" ಎಂದು ಕೇಳುತ್ತಿದ್ದರು. ಮೂರನೆಯ ಸಲ ಈ ಮಾತು ಕೇಳಿದ ಮರುದಿನ ಸಾಹುಕಾರರು ಬೆಂಗಳೂರಿಗೆ ಹೊರಟರು. ಅದು ಇಂಗ್ಲಿಷ್ ದೊರೆಗಳು ಗಂಟುಮೂಟೆ ಕಟ್ಟುತ್ತಿದ್ದ ವರ್ಷ. ಅಲ್ಲಿನ ದಂಡು ಪ್ರದೇಶದಲ್ಲಿ ಒಬ್ಬ ದೊರೆಸಾನಿ ತನ್ನ ಸೀಮೆಗೆ ಹೊರಟಿದ್ದಳು. ಅವಳ ಮೇಜು, ಕುರ್ಚಿ, ಪಿಯಾನೋ ಎಲ್ಲ ಹರಾಜಾಗಿ ಕೊನೆಗೆ ಉಳಿದದ್ದು ಎಂಟು ಬಂಗಾರದ ಮೀನು. ಅವನ್ನು ಶಿವಯೋಗಪ್ಪನವರು ಸವಾಲು ಕೂಗಿ ಹಿಡಿದರು.

ಹಿಡಿದ ಮೇಲೆ ಅವರಿಗೆ ತಮ್ಮ ಅಕ್ಕನ ನೆನಪು ಬಂತು.

ಆ ಮನೆತನದಲ್ಲಿ ಮೀನು ಎಂಬ ಮಾತು ಬರುತ್ತಿದ್ದದ್ದು ಪಂಚಾಂಗದಲ್ಲಿ ಮೀನರಾಶಿ ನೋಡುವಾಗ ಮಾತ್ರ. ಅಕ್ಕ ಗುರುಶಾಂತಮ್ಮನವರು ಅದನ್ನೂ "ಕೊನೇ ರಾಶಿ" ಎನ್ನುತ್ತಿದ್ದರು. ಹಿಂದೂಪುರದ ಹಳೆಯ ಮನೆಯಲ್ಲಿದ್ದುಕೊಂಡೇ ಅವರು ಕಲ್ಯಾಣದುರ್ಗದ ತಮ್ಮನನ್ನು ಆಳುತ್ತಿದ್ದರು. ಎಣ್ಣೆ ಮಿಲ್ಲಿನ ಇಪ್ಪತ್ತು ಆಳುಗಳನ್ನು ಗದರುವ ಸಾಹುಕಾರರು ಅಕ್ಕನ ಕಾಗದ ಬಂದರೆ ನಿಂತುಕೊಂಡು ಓದುತ್ತಿದ್ದರು.

"ತಿನ್ನೋ ಮೀನಲ್ಲ ಕಣಪ್ಪ, ನೋಡೋ ಮೀನು," ಎಂದು ಅವರು ಮರುಳಪ್ಪನನ್ನು ಗೋದಾಮಿನ ಮರೆಗೆ ಕರೆದು ಹೇಳಿದರು. "ಆದ್ರೂ ಅಕ್ಕನ ಕಿವೀಗೆ ಬೀಳಂಗಿಲ್ಲ. ಕೊಳದಾಗೆ ಬಿಟ್ಟಮೇಲೆ ನಾನು ಏನೋ ಹೇಳ್ಕಂತೀನಿ. ಅದಕ್ಕೆ ಮುಂಚೆ ಗೊತ್ತಾತು ಅಂದ್ರೆ ನೀನೂ ಇಲ್ಲ, ನಾನೂ ಇಲ್ಲ."

"ಹೂಂ ಸಾವ್ಕಾರ್ರೆ."

"ಹಿಂದೂಪುರದ ಟೇಸನ್ನಿಗೆ ಬತ್ತವೆ. ಎಂಟಕ್ಕೆಂಟೂ ಜೀವಂತ ತಂದು ಬುಡು. ಹುಣಿಸೇಮಂಡಿ ಜಾಗ ನಿಂದೇ."

ಮರುಳಪ್ಪನಿಗೆ ಕಿವಿಯಲ್ಲಿ ಗಂಟೆ ಹೊಡೆದಂತಾಯಿತು. ಹಿಂದೂಪುರದಲ್ಲಿ ಸಾಹುಕಾರರಿಗಿದ್ದ ಆ ಮಂಡಿಯಲ್ಲಿ ಗುಮಾಸ್ತನ ಜಾಗ ಖಾಲಿಯಾಗಿ ತಿಂಗಳಾಗಿತ್ತು. ಅದಕ್ಕೆ ಅವನೂ ಕಣ್ಣಿಟ್ಟಿದ್ದ, ಜೊತೆಯ ಗುಮಾಸ್ತ ಉಜ್ಜಿನಪ್ಪನೂ ಕಣ್ಣಿಟ್ಟಿದ್ದ. ಉಜ್ಜಿನಪ್ಪನಿಗೆ ಅಲ್ಲಿ ಬೇಕಾದದ್ದು ಹೋಟೆಲಿನ ದೋಸೆ. ಮರುಳಪ್ಪನಿಗೆ ಬೇಕಾದದ್ದು ಅವನ ಮನೆ. ಸೊಂಟ ಮುರಿದು ಮಲಗಿದ ತಾಯಿ, ಅವಳನ್ನು ನೋಡಿಕೊಳ್ಳುವ ಹೆಂಡತಿ ನಿರ್ಮಲಮ್ಮ, ಮೂರು ವರ್ಷದ ಮಗಳು, ಎಲ್ಲರೂ ಹಿಂದೂಪುರದಲ್ಲಿದ್ದರು. ಅವನು ನಾಲ್ಕು ವರ್ಷದಿಂದ ಕಲ್ಯಾಣದುರ್ಗದ ಮಿಲ್ಲಿನ ಹಿಂದಿನ ಕೋಣೆಯಲ್ಲಿ ಕಡಲೆಕಾಯಿ ಹಿಂಡಿಯ ವಾಸನೆ ಕುಡಿದು ಮಲಗುತ್ತಿದ್ದ. ತಿಂಗಳಿಗೊಮ್ಮೆ ಮನೆಗೆ ಹೋದರೆ ಮಗಳು ಬಾಗಿಲಿನಿಂದಲೇ, "ಅಮ್ಮಾ, ಆ ಮಾಮ ಬಂದವ್ನೆ" ಎಂದು ಕೂಗುತ್ತಿದ್ದಳು.

ಹೇಳಿದ ದಿನ ಮರುಳಪ್ಪ ಹಿಂದೂಪುರದ ಸ್ಟೇಷನ್ನಿನಲ್ಲಿ ಕಾದು ನಿಂತಿದ್ದ. ಬೆಳಗಿನ ರೈಲು ಬಂತು. ಗಾರ್ಡು ಒಂದು ಹಾಲಿನ ಕ್ಯಾನನ್ನು ಕೆಳಗಿಟ್ಟು, "ಮೀನು ನಿಂದು, ಕ್ಯಾನು ನಂದು. ಸಂಜೆ ರೈಲಿಗೆ ವಾಪಸು ಬರಬೇಕು" ಎಂದ. ಮೀನು ಎಂಬ ಮಾತಿಗೆ ಮರುಳಪ್ಪ ಬೆಚ್ಚಿ ಸುತ್ತ ನೋಡಿದ. ಕ್ಯಾನಿನ ಹಿಡಿಗೆ ದೊರೆಸಾನಿ ಬರೆದ ಇಂಗ್ಲಿಷ್ ಚೀಟಿಯೊಂದು ಕಟ್ಟಿತ್ತು. ಮರುಳಪ್ಪ ಥರ್ಡ್ ಫಾರಂವರೆಗೆ ಓದಿದವನು. ದಾರಿಯುದ್ದಕ್ಕೂ ಅಕ್ಷರ ಕೂಡಿಸಿಕೊಂಡು ಓದಿದ: ನೆರಳಿನಲ್ಲಿಡಿ, ಕುಲುಕಬೇಡಿ, ತಾಮ್ರದ ಪಾತ್ರೆ ಬೇಡ, ನೀರು ಕಡಿಮೆಯಾಗಬಾರದು. ಅಷ್ಟು ಓದುವುದರಲ್ಲಿ ಮನೆ ಬಂತು. ಚೀಟಿಯನ್ನು ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡ.

ನಿರ್ಮಲಮ್ಮ ಕ್ಯಾನಿನೊಳಗೆ ನೋಡಿದಳು. ಬೆರಳುದ್ದದ ಎಂಟು ಕಿಡಿಗಳು ತಿರುಗುತ್ತಿದ್ದವು.

"ಇವು ಬದುಕಿದ್ರೆ ನೀವು ಬಂದ್ಬುಡ್ತೀರಾ?"

"ಸಾವ್ಕಾರ್ರು ಮಾತು ಕೊಟ್ಟವ್ರೆ."

ಅವಳು ಒಳಗೆ ಹೋಗಿ ಹೊಸ ಮಣ್ಣಿನ ಗಡಿಗೆ ತಂದು, ಬಾವಿಯ ನೀರು ತುಂಬಿ, ಒಂದೊಂದಾಗಿ ಮೀನುಗಳನ್ನು ಬಟ್ಟಲಲ್ಲಿ ಎತ್ತಿ ಬಿಟ್ಟಳು. ಅರಿಶಿನದ ಬಟ್ಟೆಯಿಂದ ಬಾಯಿ ಕಟ್ಟಿದಳು.

"ಬಸ್ಸಿನಾಗೆ ಯಾರಾದ್ರೂ ಬಿಚ್ಚಿ ನೋಡಿದ್ರೆ?" ಎಂದ ಮರುಳಪ್ಪ.

"ಮುಟ್ಟದಂಗೆ ಮಾಡ್ತೀನಿ, ತಡೀರಿ."

ವಿಭೂತಿ ಕಲಸಿ ಗಡಿಗೆಯ ಹೊಟ್ಟೆಗೆ ಮೂರು ಪಟ್ಟೆ ಎಳೆದಳು. ಗಡಿಗೆ ಒಮ್ಮೆಗೇ ಮಠದಿಂದ ಬಂದ ಹಿರಿಯರ ಹಾಗೆ ಕಾಣತೊಡಗಿತು. ಕ್ಯಾನನ್ನು ಗಾರ್ಡಿಗೆ ಮುಟ್ಟಿಸಲು ಅವಳಿಗೇ ಹೇಳಿ ಹೊರಡುವಾಗ ಮರುಳಪ್ಪ ಬಾಗಿಲ ಪಕ್ಕದ ಗೋಡೆ ನೋಡಿದ. ಹೊಸದಾಗಿ ಒಂದು ಗೂಟ ಹೊಡೆದಿತ್ತು.

"ಇದ್ಯಾಕೆ?"

"ನಿಮ್ಮ ಕೋಟಿಗೆ," ಎಂದಳು ನಿರ್ಮಲಮ್ಮ.

ಆ ಕಾಲದಲ್ಲಿ ಕಲ್ಯಾಣದುರ್ಗಕ್ಕೆ ಇದ್ದಲು ಬಸ್ಸು. ಹಿಂದೆ ಒಲೆ, ಮುಂದೆ ಇಂಜನ್ನು, ನಡುವೆ ಬೇಯುವ ಜನ. ಮರುಳಪ್ಪ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ನೆರಳಿನ ಕಡೆ ಕೂತ. ಡ್ರೈವರ್ ಪಾಪಯ್ಯ ಹಾರ್ನು ಒತ್ತಿದ. ಇನ್ನೇನು ಗಾಡಿ ಹೊರಡಬೇಕು, "ತಡಿಯೋ ಪಾಪಯ್ಯಾ!" ಎಂದು ಒಂದು ದನಿ ಬಂತು. ಆ ದನಿಗೆ ಬಸ್ಸು ತಾನಾಗಿ ನಿಂತಿತು. ಬುತ್ತಿಗಂಟು, ಕೈಕೋಲು, ಹಣೆತುಂಬ ವಿಭೂತಿಯೊಂದಿಗೆ ಗುರುಶಾಂತಮ್ಮನವರು ಹತ್ತಿದರು.

ಮರುಳಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ.

"ಓಹೋ, ನಮ್ಮ ಮರುಳಪ್ಪ! ತಮ್ಮ ಏನೋ ಕೊಳ ಕಟ್ಟವ್ನಂತಲ್ಲ, ನೋಡ್ಕಂಡು ಬರಾನ ಅಂತ ಹೊರಟೆ," ಎನ್ನುತ್ತ ಅವರು ಅವನ ಪಕ್ಕದಲ್ಲೇ ಕೂತರು. ಕಣ್ಣು ಗಡಿಗೆಯ ಮೇಲೆ ಬಿತ್ತು. "ಏನಪ್ಪಾ ಅದು?"

ಮರುಳಪ್ಪ ಮಜ್ಜಿಗೆ ಎನ್ನಬಹುದಿತ್ತು, ಬೆಲ್ಲದ ಪಾಕ ಎನ್ನಬಹುದಿತ್ತು. ಆದರೆ ಕಣ್ಣೆದುರಿಗೆ ಮೂರು ಪಟ್ಟೆ ವಿಭೂತಿ. ಅದು ತಾನೇ ಅವನ ಬಾಯಿಂದ ಮಾತು ಎಳೆಯಿತು.

"ತೀರ್ಥ ಅಕ್ಕಾವ್ರೇ. ಶ್ರೀಶೈಲದ ಪಾತಾಳಗಂಗೆ. ದಾರೀಲಿ ಹೋಗೋ ಜಂಗಮರು ಕೊಟ್ರು. ಸಾವ್ಕಾರ್ರ ಮನೆಗೆ."

"ಶಿವ ಶಿವಾ!" ಗುರುಶಾಂತಮ್ಮ ಎರಡೂ ಕೈಯಿಂದ ಗಡಿಗೆ ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಬೊಗಸೆ ಒಡ್ಡಿದರು. "ಹಾಕು."

"ಈಗ್ಲಾ ಅಕ್ಕಾವ್ರೇ?"

"ತೀರ್ಥಕ್ಕೆ ಮುಹೂರ್ತ ನೋಡ್ತಾರೇನೋ?"

ಮರುಳಪ್ಪ ಕಣ್ಣುಮುಚ್ಚಿ ಗಡಿಗೆ ಬಾಗಿಸಿದ. ಬಟ್ಟೆಯ ಮೂಲಕ ನೀರು ಸೋಸಿ ಬಂತು. ಮೂರು ತಲೆಮಾರಿನಿಂದ ಬದನೆಕಾಯಿಯನ್ನೂ ಎರಡು ಸಲ ತೊಳೆಯುವ ಮನೆತನದ ಹಿರಿಯ ಮಗಳು, ಎಂಟು ಮೀನು ಈಜಿದ ನೀರನ್ನು ಭಕ್ತಿಯಿಂದ ಕುಡಿದರು. ಅಂಗೈ ತಲೆಗೆ ಸವರಿಕೊಂಡು, "ಹೊಟ್ಟೆ ತಂಪಾತು" ಎಂದರು. ಮರುಳಪ್ಪ ಗಡಿಗೆಯ ಬಾಯಿಯ ಬಟ್ಟೆಯನ್ನು ಮತ್ತೊಮ್ಮೆ ಬಿಗಿದ.

ಅಲ್ಲಿಗೆ ಮುಗಿಯಲಿಲ್ಲ. ಹಿಂದಿನ ಸೀಟಿನಿಂದ ಒಂದು ಕೈ ಬಂತು. "ಸ್ವಾಮೀ, ಮಾಕೂ ಕೊಂಚೆಂ ತೀರ್ಥಂ," ಎಂದು ತೆಲುಗಿನಲ್ಲಿ ತನಗೂ ಸ್ವಲ್ಪ ಕೇಳಿತು. ಅದರ ಹಿಂದೆ ಇನ್ನೊಂದು. ಬ್ರಹ್ಮಸಮುದ್ರದ ಓಬಮ್ಮ ಎಂಬ ಒಕ್ಕಲಗಿತ್ತಿ ಮಡಿಲಲ್ಲಿದ್ದ ಮೆಣಸಿನಕಾಯಿ ಗಂಟು ಸರಿಸಿ ಎದ್ದೇ ಬಂದಳು. ಅವಳು ಎರಡು ಸಲ ಇಸಿದುಕೊಂಡಳು, ಒಂದು ತನಗೆ, ಒಂದು ಊರಲ್ಲಿರುವ ಎಮ್ಮೆಗೆ ಎಂದು ಸೆರಗಿನ ಚುಂಗಿಗೆ.

"ಏನೋ ಪಾಚಿ ವಾಸ್ನೆ ಐತಲ್ಲ ಸ್ವಾಮಿ," ಎಂದಳು ಓಬಮ್ಮ.

"ಪಾತಾಳದಿಂದ ಬಂದಿರೋದು ಕಣಮ್ಮ, ಮಲ್ಲಿಗೆ ವಾಸ್ನೆ ಬತ್ತದಾ?" ಎಂದು ಗುರುಶಾಂತಮ್ಮನೇ ಗದರಿದರು.

ಪೆನುಕೊಂಡ ಬರುವಷ್ಟರಲ್ಲಿ ಬಸ್ಸಿಗೆ ಬಸ್ಸೇ ಪುಣ್ಯವಂತವಾಗಿತ್ತು, ಗಡಿಗೆ ಅರ್ಧವಾಗಿತ್ತು. ನೀರು ಕಡಿಮೆಯಾಗಬಾರದು ಎಂದು ದೊರೆಸಾನಿ ಬರೆದದ್ದು ಮರುಳಪ್ಪನ ಜೇಬಿನಲ್ಲಿ ಮುಳ್ಳಾಗಿ ಚುಚ್ಚುತ್ತಿತ್ತು. ಅವನು ಕೂರಲಾರ, ನಿಲ್ಲಲಾರ. ಬಸ್ಸು ಇದ್ದಲು ತುಂಬಿಸಿಕೊಳ್ಳಲು ನಿಂತಾಗ ಅವನು ಗಡಿಗೆ ಹೊತ್ತು ಬಾವಿಗೆ ಓಡಿದ. ಸೇದಿದ ನೀರನ್ನು ಸುರಿಯುತ್ತಿರುವಾಗ ಬೆನ್ನ ಹಿಂದೆ ಕೈಕೋಲು ಕುಟ್ಟಿತು.

"ಏನ್ಲಾ ಮಾಡ್ತಿದೀಯ? ತೀರ್ಥಕ್ಕೆ ಬಾವಿ ನೀರಾ?"

ಬೆಳಗಿನಿಂದ ಒಂದು ಸುಳ್ಳು ಹೇಳಿದವನಿಗೆ ಎರಡನೆಯದು ಸಲೀಸಾಗಿ ಬಂತು. "ಪಾತಾಳಗಂಗೆ ಒಂದು ತೊಟ್ಟಿದ್ರೂ ಸಾಕು ಅಕ್ಕಾವ್ರೇ, ಬೆರೆಸಿದ್ದೆಲ್ಲಾ ತೀರ್ಥವೇ ಆಗ್ತದಂತೆ. ಜಂಗಮರು ಹೇಳಿ ಕಳಿಸಿದ್ರು."

ಗುರುಶಾಂತಮ್ಮ ಒಂದು ಗಳಿಗೆ ಅವನನ್ನು ನೋಡಿದರು. "ಹಂಗಾದ್ರೆ ಸರಿ. ಇನ್ನೊಂದು ಬೊಗಸೆ ಹಾಕು."

ಕಂಬದೂರು ಇನ್ನೂ ದೂರವಿರುವಾಗ ಬಸ್ಸು ಕೆಮ್ಮಿತು. ಮುಂಭಾಗದಿಂದ ಬುಸ್ಸೆಂದು ಹಬೆ ಎದ್ದು, ಒಂದು ಏರಿನ ಮಧ್ಯೆ ಗಾಡಿ ನಿಂತೇಹೋಯಿತು. ಸುತ್ತ ನೋಡಿದರೆ ಕೆಂಪು ಹೊಲ, ಕಲ್ಲುಗುಟ್ಟೆ, ಎಲೆಯಿಲ್ಲದ ಜಾಲಿ. ಒಂದು ತೊಟ್ಟು ನೀರು ಕಾಣುವ ಹಾಗಿಲ್ಲ.

"ರೇಡಿಯೇಟ್ರು ಬತ್ತೋಗೈತೆ," ಎಂದ ಪಾಪಯ್ಯ. "ಯಾರ ತಾವ ನೀರೈತೆ?"

ಬಸ್ಸಿನ ಮೂವತ್ತು ಜೊತೆ ಕಣ್ಣು ಒಂದೇ ಕಡೆ ತಿರುಗಿತು. ಮರುಳಪ್ಪ ಗಡಿಗೆಯನ್ನು ತಬ್ಬಿಕೊಂಡ.

"ಎಲ್ರಿಗೂ ಕೊಟ್ರಿ ಸ್ವಾಮಿ, ನನ್ನ ಇಂಜನ್ನಿಗೂ ಒಸಿ ಕೊಟ್ಬುಡಿ. ಅದೂ ದಿನಾ ಏಳು ಊರು ಸುತ್ತೋ ಜೀವ, ಮೋಕ್ಷ ಸಿಕ್ಲಿ," ಎಂದು ಪಾಪಯ್ಯ ಕೈಯಲ್ಲಿ ತಗಡಿನ ಆಲಿಕೆ ಹಿಡಿದು ಹತ್ತಿರ ಬಂದ.

ಮರುಳಪ್ಪ ಆ ಆಲಿಕೆಯ ಬಾಯಿ ನೋಡಿದ. ಎಂಟು ಮೀನು, ಹುಣಿಸೇಮಂಡಿ, ಗೋಡೆಯ ಗೂಟ, ಎಲ್ಲವೂ ಆ ಆಲಿಕೆಯಲ್ಲಿ ಇಳಿದು ಹಬೆಯಾಗುವುದು ಕಂಡಿತು. ಅವನನ್ನು ಕಾಪಾಡಿದವರು ಗುರುಶಾಂತಮ್ಮ.

"ಏನಂದ್ಯೋ ಪಾಪಯ್ಯ? ನಿನ್ನ ಹೊಗೆ ಗಾಡಿ ಹೊಟ್ಟೆಗೆ ಪಾತಾಳಗಂಗೇನಾ? ಕೈ ಮುಂದಕ್ಕೆ ಬಂದ್ರೆ ಕೋಲು ಬತ್ತದೆ ನೋಡು!" ಎಂದು ಗಡಿಗೆಯನ್ನು ಮರುಳಪ್ಪನ ತೆಕ್ಕೆಯಿಂದ ಕಿತ್ತು ತಮ್ಮ ಮಡಿಲಿಗಿಟ್ಟುಕೊಂಡರು. "ನಿನ್ನ ಕೈಲಾಗಾಕಿಲ್ಲ ಮರುಳಪ್ಪ, ನಿಂದು ಮೆತ್ತನೆ ಜೀವ. ಊರು ಮುಟ್ಟೋ ತಂಕ ಇದು ನನ್ನ ತಾವ ಇರ್ತದೆ."

ಪಾಪಯ್ಯ ಗೊಣಗುತ್ತ ತಗಡಿನ ಡಬ್ಬ ಹಿಡಿದು ಹಳ್ಳಿ ಹುಡುಕಿಕೊಂಡು ಹೋದ. ಜನ ಬಸ್ಸಿನ ನೆರಳಿಗೆ ಇಳಿದರು. ಗುರುಶಾಂತಮ್ಮ ಇಳಿಯಲಿಲ್ಲ, ಆದ್ದರಿಂದ ಮರುಳಪ್ಪನೂ ಇಳಿಯಲಿಲ್ಲ. ಕೈಯುಗುರು ಕಚ್ಚುತ್ತ, ಒಂದು ಸೀಟಿನಿಂದ ಇನ್ನೊಂದಕ್ಕೆ ಜಾಗ ಬದಲಿಸುತ್ತ ಗಡಿಗೆಯನ್ನೇ ನೋಡುತ್ತಿದ್ದ.

"ಮರುಳಪ್ಪಾ."

"ಅಕ್ಕಾವ್ರೇ."

"ಇದು ಮಿಸುಕ್ತೈತಲ್ಲೋ."

"ಬಸ್ಸು ಅಲುಗಿದ್ದಕ್ಕೆ ಅಕ್ಕಾವ್ರೇ."

"ಬಸ್ಸು ನಿಂತು ಒಂದು ಗಂಟೆ ಆತು."

ಗಡಿಗೆಯೊಳಗೆ ಮತ್ತೊಮ್ಮೆ ಪಟಕ್ಕೆಂದಿತು. ಗುರುಶಾಂತಮ್ಮ ಗಡಿಗೆಗೆ ಕಿವಿಯಿಟ್ಟರು. ಮುಖ ನಿಧಾನವಾಗಿ ಬೆಳಗಿತು.

"ಉಸಿರಾಡ್ತವಳೆ," ಎಂದರು ಮೆಲ್ಲಗೆ. "ಓಬಮ್ಮಾ, ಬಾರಮ್ಮ ಇಲ್ಲಿ. ಕಿವಿ ಇಡು."

ಓಬಮ್ಮ ಕಿವಿಯಿಟ್ಟಳು. "ಅಮ್ಮಾ ಗಂಗಮ್ಮ ತಲ್ಲೀ!" ಎಂದು ಹಿಂದಕ್ಕೆ ಬಿದ್ದಳು. ಆಮೇಲೆ ಬಸ್ಸಿನವರೆಲ್ಲ ಸರದಿಯಲ್ಲಿ ಬಂದು ಕಿವಿಯಿಟ್ಟರು. ಪಾಪಯ್ಯ ನೀರು ತಂದು, ಅವನೂ ಕಿವಿಯಿಟ್ಟು, ಇಂಜನ್ನಿಗೆ ಎಂದು ಕೇಳಿದ್ದಕ್ಕೆ ಗಲ್ಲ ಬಡಿದುಕೊಂಡ.

ಹೊತ್ತು ಇಳಿಯುವ ಮುಂಚೆ ಬಸ್ಸು ಕಲ್ಯಾಣದುರ್ಗ ಸೇರಿತು. ಬ್ರಹ್ಮಸಮುದ್ರಕ್ಕೆ ಹೋಗಬೇಕಾದವರೂ ಮುಂದಿನ ಬಸ್ಸು ಬಿಟ್ಟು ಗಡಿಗೆಯ ಹಿಂದೆ ನಡೆದರು. ಗುರುಶಾಂತಮ್ಮ ಗಡಿಗೆಯನ್ನು ತಲೆಯ ಮೇಲೆ ಹೊತ್ತು ಮುಂದೆ, ಮೂವತ್ತು ಜನ ಹಿಂದೆ, ಎಲ್ಲರಿಗಿಂತ ಹಿಂದೆ ಮರುಳಪ್ಪ. ಓಡಿಹೋಗೋಣವೆಂದರೆ ಮೀನು ಮುಂದಿತ್ತು.

ಶಿವಯೋಗಪ್ಪನವರು ಉಜ್ಜಿನಪ್ಪನ ಜೊತೆ ಕೊಳದ ಬಳಿ ಕಾಯುತ್ತಿದ್ದರು. ಗೇಟಿನಲ್ಲಿ ಅಕ್ಕನನ್ನೂ, ಅಕ್ಕನ ತಲೆಯ ಮೇಲಿನ ಗಡಿಗೆಯನ್ನೂ ಕಂಡು ಮುಖ ಸುಣ್ಣವಾಯಿತು. ಜನರ ಸಂದಿಯಿಂದ ಮರುಳಪ್ಪ ತುದಿಗಾಲಲ್ಲಿ ನಿಂತು, ಗಡಿಗೆ ತೋರಿಸಿ, ಎಂಟು ಬೆರಳು ತೋರಿಸಿ, ಆಮೇಲೆ ಹಣೆ ಚಚ್ಚಿಕೊಂಡ.

"ತಮ್ಮಾ! ಪಾತಾಳಗಂಗೆ ಬಂದವಳೆ ನಿನ್ನ ಮನೆಗೆ! ಹೊಸ ಕೊಳ ಕಟ್ಟಿ ಗಂಗಾಪೂಜೆ ಮಾಡಿದ್ಯಾ?"

"ಇ... ಇಲ್ಲ ಅಕ್ಕಾ."

"ಅದಕ್ಕೇ ತಾನಾಗಿ ಬಂದವಳೆ. ಸರೀರೆಲ್ಲ."

ಗುರುಶಾಂತಮ್ಮ ಕಟ್ಟೆಯ ಮೇಲೆ ಕೂತು ಬಟ್ಟೆ ಬಿಚ್ಚಿದರು. ಕಣ್ಣುಮುಚ್ಚಿ "ಓಂ ನಮಃ ಶಿವಾಯ" ಎನ್ನುತ್ತ ಗಡಿಗೆಯನ್ನು ಕೊಳಕ್ಕೆ ಬಗ್ಗಿಸಿದರು.

ಮೊದಲು ನೀರು ಬಂತು. ಆಮೇಲೆ ಒಂದು ಕಿಡಿ. ಆಮೇಲೆ ಎರಡು, ಮೂರು. ಸಂಜೆಯ ಬಿಸಿಲು ಕೊಳದ ಮೇಲೆ ಓರೆಯಾಗಿ ಬಿದ್ದಿತ್ತು. ಎಂಟು ಬಂಗಾರದ ಮೀನು ಕಲ್ಲಿನ ತಾವರೆಯನ್ನು ಒಂದು ಸುತ್ತು ಬಂದವು.

ಗುರುಶಾಂತಮ್ಮ ಕಣ್ಣು ಬಿಟ್ಟು ನೋಡಿದರು. ನೋಡುತ್ತಲೇ ಇದ್ದರು. ಶಿವಯೋಗಪ್ಪನವರು ಮರುಳಪ್ಪನ ಪಕ್ಕಕ್ಕೆ ಜಾರಿಕೊಂಡು ಬಂದರು.

"ಗಡಿಗೇಲಿ ಏನೈತೆ ಅಂತ ಹೇಳಿದ್ದೆ?" ಎಂದು ಪಿಸುಗುಟ್ಟಿದರು.

"ತೀರ್ಥ ಅಂದೆ."

"ಕುಡಿದ್ಲಾ?"

"ಎರಡು ಬೊಗಸೆ."

ಸಾಹುಕಾರರು ಕಣ್ಣು ಮುಚ್ಚಿ ತೆರೆದರು. "ಹಂಗಾದ್ರೆ ಬಾಯಿ ಮುಚ್ಕೋ. ಸಾಯೋ ತಂಕ."

ಗುರುಶಾಂತಮ್ಮ ಎದ್ದು ನಿಂತರು. "ಮರುಳಪ್ಪಾ, ಬಾ ಇಲ್ಲಿ. ಈ ಗಡಿಗೇಲಿ ಏನು ಹಾಕಿದ್ದೆ?"

"ತೀ... ತೀರ್ಥ ಅಕ್ಕಾವ್ರೇ."

"ಬೇರೆ ಏನೂ ಹಾಕ್ಲಿಲ್ಲ?"

ಮರುಳಪ್ಪ ಸಾಹುಕಾರರನ್ನು ನೋಡಿದ. ಸಾಹುಕಾರರು ಬೇವಿನ ಮರದ ತುದಿಯನ್ನು ನೋಡುತ್ತಿದ್ದರು.

"ಇಲ್ಲ ಅಕ್ಕಾವ್ರೇ."

"ಬಂಗಾರದ ಮೈ ತಗಂಡು ಬಂದವಳೆ ತಾಯಿ!" ಎಂದು ಗುರುಶಾಂತಮ್ಮ ಕೈಕೋಲು ಬಿಸುಟು ಕಟ್ಟೆಗೆ ಹಣೆ ಹಚ್ಚಿದರು. ಓಬಮ್ಮ ಉದ್ದಕ್ಕೆ ಅಡ್ಡಬಿದ್ದಳು. ಮೂವತ್ತು ಜನ ಅಡ್ಡಬಿದ್ದರು. ಕೊನೆಗೆ ಶಿವಯೋಗಪ್ಪನವರೂ, ಬೇರೆ ದಾರಿ ಕಾಣದೆ, ಹರಾಜಿನಲ್ಲಿ ಕೊಂಡ ಮೀನಿಗೆ ಕೈಮುಗಿದರು.

ಮರುಳಪ್ಪ ಬೆರಳು ಮಡಿಸಿ ಲೆಕ್ಕ ಹಾಕಿದ. ಎಂಟಕ್ಕೆಂಟೂ ಬದುಕಿವೆ, ಅಕ್ಕಾವ್ರೇ ಒಪ್ಪಿದ್ದಾರೆ. ಸಾಹುಕಾರರ ಹತ್ತಿರ ಹೋಗಿ ಮೆಲ್ಲಗೆ ಕೆಮ್ಮಿದ. "ಸಾವ್ಕಾರ್ರೆ, ಆ ಹಿಂದೂಪುರದ ಮಾತು..."

"ಹಿಂದೂಪುರವಾ?" ಗುರುಶಾಂತಮ್ಮನ ಕಿವಿ ಚುರುಕು. "ಯಾರು ಹೋಯ್ತಾರೆ ಹಿಂದೂಪುರಕ್ಕೆ?"

"ಮಂಡಿ ಜಾಗಕ್ಕೆ ಮರುಳಪ್ಪನ್ನ ಕಳಿಸಾನ ಅಂತ ಅಕ್ಕಾ," ಎಂದರು ಸಾಹುಕಾರರು.

"ತಲೆ ಕೆಟ್ಟೈತಾ ನಿಂಗೆ? ಗಂಗಮ್ಮ ಇಷ್ಟು ಜನರಾಗೆ ಇವ್ನ ಕೈ ಹಿಡಕಂಡು ಬಂದವಳೆ. ಇವ್ನನ್ನ ಬಿಟ್ಟು ಬೇರೆ ಯಾರು ಮುಟ್ಟೋ ಹಂಗೈತೆ ಈ ಕೊಳಾನ? ಇವತ್ತಿಂದ ಸೇವೆ ಇವಂದು. ಒಪ್ಪೊತ್ತು ಉಣ್ಬೇಕು. ಊರ ಗಡಿ ದಾಟಂಗಿಲ್ಲ. ನೇಮದಾಗಿರೋನು ಹೆಂಡ್ತಿ ಮಕ್ಕಳ ತಾವ ಸುಳಿಯಂಗಿಲ್ಲ."

"ಅಕ್ಕಾವ್ರೇ, ಇವು ಆ ದೊರೆ..." ಎಂದು ಮರುಳಪ್ಪ ಬಾಯಿ ತೆರೆದ. ಸಾಹುಕಾರರ ಜೋಡು ಅವನ ಹೆಬ್ಬೆರಳಿನ ಮೇಲೆ ಕೂತಿತು. ಅವನು ಬಾಯಿ ಮುಚ್ಚಿದ.

"ಮಂಡಿಗೆ ಈ ಉಜ್ಜಿನಪ್ಪ ಹೋಗ್ಲಿ," ಎಂದರು ಗುರುಶಾಂತಮ್ಮ.

ಉಜ್ಜಿನಪ್ಪ ಆ ದಿನವೆಲ್ಲ ಮಾಡಿದ ಕೆಲಸವೆಂದರೆ ಕೊಳದ ಕಟ್ಟೆಯ ಮೇಲೆ ಕೂತು ಕಡಲೆಕಾಯಿ ತಿಂದದ್ದು. ಅವನು ಸಿಪ್ಪೆ ಕೊಡವಿಕೊಂಡು ಎದ್ದ.

ಜನ ಕರಗಿದರು. ಅಕ್ಕಾವ್ರು ಒಳಗೆ ಹೋದರು. ಮರುಳಪ್ಪನ ಕೊರಳಲ್ಲಿ ಯಾರೋ ಹಾಕಿದ ಚೆಂಡುಹೂವಿನ ಹಾರವಿತ್ತು. ಉಜ್ಜಿನಪ್ಪ ಹತ್ತಿರ ಬಂದ.

"ನಾಳೆ ಬೆಳಗಿನ ಬಸ್ಸಿಗೆ ಹೋಯ್ತೀನಿ ಕಣಪ್ಪ. ನಿಮ್ಮ ಮನೇಗೆ ಏನಾದ್ರೂ ಹೇಳ್ಬೇಕಾ?"

ಮರುಳಪ್ಪ ಕೊರಳಿನ ಹಾರ ತೆಗೆದು ಕಟ್ಟೆಯ ಮೇಲಿಟ್ಟ. "ಬಾಗಿಲ ಪಕ್ಕ ಒಂದು ಗೂಟ ಐತೆ. ಅದಕ್ಕೆ ಬೇರೆ ಏನಾದ್ರೂ ನೇತುಹಾಕು ಅನ್ನು."

ಉಜ್ಜಿನಪ್ಪ ಹೋದ ಮೇಲೆ ಅವನು ಕಟ್ಟೆಯ ಮೇಲೆ ಕೂತ. ಬೆಳಗಿನಿಂದ ಬದುಕಲಿ, ಬದುಕಲಿ ಎಂದು ಅವನು ಬೇಡಿಕೊಂಡ ಎಂಟೂ ಮೀನುಗಳು ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತಿದ್ದವು. ಒಂದಕ್ಕೂ ಸುಸ್ತಿನ ಸುಳಿವಿರಲಿಲ್ಲ. ಇವು ಇರುವ ತನಕ ತಾನೆ ಈ ನೇಮ, ಮೀನಿನ ಆಯಸ್ಸು ಎಷ್ಟು ಮಹಾ, ಬರುವ ಬೇಸಗೆಯವರೆಗೆ ಇದ್ದಾವು ಎಂದುಕೊಂಡ. ಮನಸ್ಸು ಸ್ವಲ್ಪ ಹಗುರವಾಯಿತು. ಜೇಬಿನಲ್ಲಿ ಚೀಟಿ ಚುಚ್ಚಿತು. ತೆಗೆದು, ಮಡಿಕೆ ಬಿಚ್ಚಿ, ಬೆಳಗ್ಗೆ ಓದದೆ ಬಿಟ್ಟಿದ್ದ ಹಿಂದಿನ ಮಗ್ಗುಲು ತಿರುಗಿಸಿದ. ದೊರೆಸಾನಿಯ ದುಂಡನೆಯ ಅಕ್ಷರದಲ್ಲಿ ಎರಡೇ ಸಾಲು ಇತ್ತು. ಬೆರಳಿಟ್ಟು, ಒಂದೊಂದೇ ಮಾತು ಕೂಡಿಸಿಕೊಂಡು ಓದಿದ.

'ಇವು ಇನ್ನೂ ಮರಿಗಳು. ಪ್ರೀತಿಯಿಂದ ನೋಡಿಕೊಂಡರೆ ಇಪ್ಪತ್ತು ವರ್ಷ ಬದುಕುತ್ತವೆ.'